ಓದುವ ಮೊದಲೇ ಬಿದ್ದ ಸೀಲು

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರನ್ನ ಕಂಡಿದ್ದೆ. ಹೇಳಿಕೆ ಹುಟ್ಟೋಕೆ ಮುಂಚೆ ಸೀಲ್ ಒತ್ತೋರನ್ನ ಇವತ್ತೇ ಕಂಡಿದ್ದು!”

ಅಕ್ಕ ತನ್ನ ತಮ್ಮನ ಹೇಳಿಕೆಯ ಹಾಳೆಯನ್ನು ಮೇಜಿಗೆ ಅಪ್ಪಳಿಸಿದ ರಭಸಕ್ಕೆ ರೈಟರ ಕಾಫಿ ಲೋಟ ನಡುಗಿತು. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವುದೇ ಕೆಲಸವಾಗಿದ್ದ ಆ ಸ್ಥೂಲಕಾಯದ ಮನುಷ್ಯ ಮೊದಲು ಲೋಟ ಹಿಡಿದುಕೊಂಡ, ಆಮೇಲೆ ಹಾಳೆ ನೋಡಿದ.

“ಏನಾಯ್ತು ಮೇಡಂ? ಸೀಲ್ ಸರಿಯಾಗೇ ಬಿದ್ದಿದೆಯಲ್ಲ.”

“ಬೆಳಕಿಗೆ ಹಿಡಿದು ನೋಡ್ರಿ. ನೇರಳೆ ಶಾಯಿ ಕೆಳಗಿದೆ. ಕಪ್ಪು ಅಕ್ಷರ ಅದರ ಬೆನ್ನ ಮೇಲೆ ಕೂತು ಸವಾರಿ ಮಾಡ್ತಿದೆ. ಅಚ್ಚಾದ ಮೇಲೆ ಸೀಲ್ ಒತ್ತಿದ್ರೆ ಹೀಗಿರುತ್ತೇನ್ರಿ?”

ರೈಟರ್ ಕಿಟಕಿಯ ಕಡೆ ಹಾಳೆ ಹಿಡಿದ. ಕಿವಿಯ ತುದಿ ಕೆಂಪಾಯಿತು.

“ಅದು ಮೇಡಂ... ಬೆಳಿಗ್ಗೆ ಬಂದ ತಕ್ಷಣ ಒಂದು ಕಟ್ಟು ಖಾಲಿ ಹಾಳೆಗೆ ಒತ್ತಿ ಪ್ರಿಂಟರ್‌ಗೆ ತುಂಬಿಬಿಡ್ತೀವಿ. ಒಂದೊಂದಕ್ಕೂ ಒತ್ತುತ್ತಾ ಕೂತ್ರೆ ಮನೆಗೆ ಹೋಗೋದು ಯಾವಾಗ?”

“ಸೀಲಲ್ಲಿ ಏನಿದೆ, ಓದಿ.”

“‘ಧ್ವನಿಯೊಂದಿಗೆ ಹೋಲಿಸಿ ನೋಡಲಾಗಿದೆ.’”

“ಯಾರು ನೋಡಿದ್ದು?”

ರೈಟರ್ ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

ಅಕ್ಕನಿಗೆ ಮೈಯೆಲ್ಲ ಉರಿಯಿತು. ಇದೇ ಠಾಣೆಯಲ್ಲಿ ಅಧಿಕಾರಿಯಾಗಿದ್ದು, ಕೆಲಸ ಬಿಟ್ಟು, ಈಗ ಸ್ವಂತವಾಗಿ ಪತ್ತೇದಾರಿಕೆ ನಡೆಸುವ ಅವಳಿಗೆ ಇಲ್ಲಿಯ ಗೋಡೆ ಗೋಡೆಯೂ ಗೊತ್ತು. ಆದರೆ ಇವತ್ತು ಅವಳು ಬಂದದ್ದು ಪತ್ತೇದಾರಿಣಿಯಾಗಿ ಅಲ್ಲ, ಅಕ್ಕನಾಗಿ. ಶೀತಲಗೃಹದ ಮಾಲೀಕ ತನ್ನದೇ ಒಂದನೇ ಕೋಣೆಯಲ್ಲಿ ಹೆಪ್ಪುಗಟ್ಟಿ ಸತ್ತಿದ್ದ. ಅಲ್ಲಿಯ ಬಾಗಿಲು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್, ಅವಳ ಒಡಹುಟ್ಟಿದ ತಮ್ಮ, ಇಲ್ಲಿ ಲಾಕಪ್ಪಿನಲ್ಲಿ ಕೂತಿದ್ದ. ನಾಳೆ ಬೆಳಿಗ್ಗೆ ಈ ಹಾಳೆ ನ್ಯಾಯಾಧೀಶರ ಮೇಜಿಗೆ ಹೋದರೆ ಅವನು ಮನೆಗೆ ಬರುವ ಮಾತು ಮುಗಿದಂತೆ.

ಹಾಳೆಯ ಕೊನೆಯಲ್ಲಿದ್ದದ್ದು ಎರಡೇ ವಾಕ್ಯ. ‘ಒಳಗಿನ ಹಿಡಿಯನ್ನು ನಾನೇ ಬಿಚ್ಚಿಟ್ಟೆ. ಅವರು ಒಳಗೆ ಹೋಗುವುದು ನನಗೆ ತಿಳಿದಿತ್ತು.’

“ಇದನ್ನ ನನ್ನ ತಮ್ಮ ಹೇಳಿದ್ದನ್ನ ನೀವು ಕಿವಿಯಾರೆ ಕೇಳಿದ್ರಾ?”

“ನಾನ್ಯಾಕೆ ಕೇಳ್ಲಿ ಮೇಡಂ? ಕೇಳೋಕೆ, ಬರೆಯೋಕೆ ಎರಡಕ್ಕೂ ನಮ್ಮ ಜಾಣಮರಿ ಇದ್ಯಲ್ಲ.”

ಜಾಣಮರಿ ಅಂದರೆ ಠಾಣೆಗೆ ಹೊಸದಾಗಿ ಬಂದ ಎಐ ಯಂತ್ರ. ಮುದ್ದಿನ ಹೆಸರು ರೈಟರದೇ. ವಿಚಾರಣೆಯ ಮೇಜಿನ ಮೇಲೆ ಕೂತು ಮಾತೆಲ್ಲ ಕೇಳಿಸಿಕೊಳ್ಳುತ್ತದೆ, ಆಡುಮಾತನ್ನು ಬರಹದ ಮಾತಿಗೆ ತಿರುಗಿಸುತ್ತದೆ, ಮಾತು ಮುಗಿಯಿತು ಅನ್ನಿಸಿದ ಕೂಡಲೇ ತಾನೇ ಪ್ರಿಂಟರಿಗೆ ಕಳಿಸುತ್ತದೆ. ಬರೆಯುವವನ ಕೈನೋವು ತಪ್ಪಿತು, ಒಳ್ಳೆಯದೇ. ಅದಕ್ಕೆಂದು ಓದುವವನ ಕಣ್ಣನ್ನೂ ರಜೆಯ ಮೇಲೆ ಕಳಿಸಿಬಿಡುವುದೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಹಿಂದೆಯೂ ಇದ್ದರು. ಆದರೆ ಅವರು ಕಟ್ಟುತ್ತಿದ್ದದ್ದು ಕರುವನ್ನು, ಮನುಷ್ಯರನ್ನಲ್ಲ.

ಕೋಪ ನೆತ್ತಿಗೇರಿದಾಗ ಅಕ್ಕನ ಕೈಗೆ ಏನಾದರೂ ಬೇಕು. ಚೀಲದಿಂದ ಅಂಗೈಯಗಲದ ಒಂದು ಉಕ್ಕಿನ ಹಿಡಿ ತೆಗೆದು ಅದರ ನಡುವಿನ ಗುಂಡಿ ಒತ್ತಿದಳು. ಒತ್ತಿದಾಗ ದಪ್ಪಗೆ ಟಕ್. ಬಿಟ್ಟಾಗ ಸಣ್ಣಗೆ ಟಿಕ್.

ರೈಟರ್ ಬೆಚ್ಚಿಬಿದ್ದ. ಕಾಫಿ ಈ ಸಲ ನಿಜವಾಗಿಯೂ ಚೆಲ್ಲಿತು.

“ಅದೇನು ಮೇಡಂ?”

“ನೀವು ಹುಡುಕಿ ಸುಸ್ತಾದ ಹಿಡಿಯ ಜೋಡಿ. ಎರಡನೇ ಕೋಣೆ ಬಾಗಿಲಿಂದ ಬಿಚ್ಚಿಸಿಕೊಂಡು ಬಂದೆ.”

ಆ ಹಿಡಿಯ ಕಥೆ ಅವಳಿಗೆ ಕಂಠಪಾಠ. ಶೀತಲಗೃಹದ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದರೂ ಒಳಗಿದ್ದವನು ಈ ಹಿಡಿಯ ಗುಂಡಿ ಒತ್ತಿದರೆ ಬಾಗಿಲು ತೆರೆಯಬೇಕು. ಕಂಪನಿ ಕೊಡುವ ಹಿಡಿ ಸದ್ದು ಮಾಡುವುದಿಲ್ಲ. ತಮ್ಮ ಅದಕ್ಕೆ ಸಮಾಧಾನಪಡದೆ ತಾನೇ ಗಟ್ಟಿ ಸ್ಪ್ರಿಂಗ್ ಹಾಕಿ ಎರಡು ಹಿಡಿ ಮಾಡಿದ್ದ, ಎರಡು ಕೋಣೆಗೆ ಎರಡು. ‘ಕತ್ತಲಲ್ಲಿ ಬೆರಳು ಮರಗಟ್ಟಿರುತ್ತೆ ಅಕ್ಕ. ಒತ್ತಿದ್ದು ಕೈಗೆ ಗೊತ್ತಾಗಲ್ಲ. ಕಿವಿಗಾದ್ರೂ ಗೊತ್ತಾಗ್ಲಿ’ ಅಂದಿದ್ದ. ಒಳಗೆ ಸಿಕ್ಕಿಕೊಂಡವನು ಹೆದರಬಾರದು ಎಂದು ಸ್ಪ್ರಿಂಗ್ ಕೂರಿಸಿದವನು ಆ ಹಿಡಿಯನ್ನೇ ಬಿಚ್ಚಿಟ್ಟನೆಂದು ಬರೆದಿದ್ದರಲ್ಲ, ಅದೇ ಅವಳ ಹೊಟ್ಟೆಗೆ ಬೆಂಕಿ ಇಟ್ಟದ್ದು.

ಒಂದನೇ ಕೋಣೆಯ ಹಿಡಿ ಮಾತ್ರ ಎಲ್ಲೂ ಸಿಕ್ಕಿರಲಿಲ್ಲ.

“ಯಾರಪ್ಪಾ ಇದು, ಠಾಣೆಯಲ್ಲಿ ಗುಡುಗು ಸಿಡಿಲು ಅಂದ್ಕೊಂಡೆ. ನಮ್ಮ ಮೇಡಂ!”

ಬಾಗಿಲಲ್ಲಿ ಇನ್ಸ್‌ಪೆಕ್ಟರ್ ನಗುತ್ತಾ ನಿಂತಿದ್ದ. ಅವಳ ಕೈಕೆಳಗೆ ಕೆಲಸ ಕಲಿತ ಹುಡುಗ. ಈಗ ಅವಳ ಕುರ್ಚಿಯಲ್ಲೇ ಕೂರುತ್ತಿದ್ದ. ಇವನ ಮಾತು ಅಂದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅದಕ್ಕೇ ಠಾಣೆಯವರು ಹಿಂದಿನಿಂದ ಬೆಣ್ಣೆ ಸಾಹೇಬ್ರು ಅನ್ನುತ್ತಿದ್ದರು.

“ನಗಬೇಡ ಕಣೋ. ಇದಕ್ಕೆ ಸಹಿ ಹಾಕಿದ್ದು ನೀನೇ ತಾನೆ?”

“ಹೌದು ಮೇಡಂ.”

“ಓದಿದ್ಯಾ?”

“ಓದ್ದೆ.”

“ಧ್ವನಿ ಕೇಳಿ ಹೋಲಿಸಿದ್ಯಾ?”

ನಗು ಅರ್ಧಕ್ಕೆ ನಿಂತಿತು. “ಸೀಲ್ ಇತ್ತಲ್ಲ ಮೇಡಂ. ಸೀಲ್ ನೋಡಿ ಸಹಿ ಹಾಕ್ದೆ.”

“ಈ ರೈಟರ್ ಯಂತ್ರಾನ ನಂಬಿದ್ರು. ನೀನು ಸೀಲನ್ನ ನಂಬಿದೆ. ನಾಳೆ ನ್ಯಾಯಾಧೀಶರು ನಿನ್ನ ಸಹೀನ ನಂಬ್ತಾರೆ. ಮಧ್ಯೆ ಒಬ್ಬನಾದ್ರೂ ಕಿವಿ ಕೊಟ್ಟು ಕೇಳಿದ್ನಾ? ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತ ನಿನಗೆ ಎಷ್ಟು ಸಲ ಬಡ್ಕೊಂಡಿದ್ದೀನಿ! ಇಲ್ಲಿ ಪ್ರತ್ಯಕ್ಷಾನೂ ಇಲ್ಲ, ಪ್ರಮಾಣಾನೂ ಇಲ್ಲ, ಬರೀ ಶಾಯಿ!”

“ಯಂತ್ರಕ್ಕೆ ನಿಮ್ಮ ತಮ್ಮನ ಮೇಲೆ ಹಗೆ ಇರುತ್ತಾ ಮೇಡಂ? ಅದು ಕೇಳಿದ್ದನ್ನ ಬರೆಯುತ್ತೆ.”

“ಅದು ಕೇಳಿದ್ದನ್ನ ನನಗೂ ಕೇಳಿಸು.”

ಇನ್ಸ್‌ಪೆಕ್ಟರ್ ರೈಟರ ಮುಖ ನೋಡಿದ. ರೈಟರ್ ಚೆಲ್ಲಿದ ಕಾಫಿ ಒರೆಸುತ್ತಿದ್ದ.

“ತುಂಬಾ ಉದ್ದ ಇದೆ ಮೇಡಂ.”

“ನನ್ನ ತಮ್ಮನ ಜೈಲಿಗಿಂತ ಉದ್ದ ಇರಲ್ಲ. ನಡಿ.”

ವಿಚಾರಣೆಯ ಕೋಣೆ ಚಿಕ್ಕದು. ಒಂದು ಮೇಜು, ನಾಲ್ಕು ಕುರ್ಚಿ, ಮೂಲೆಯಲ್ಲಿ ಪ್ರಿಂಟರ್, ಎತ್ತರದಲ್ಲಿ ಒಂದು ಕಿಂಡಿ. ಮೇಜಿನ ಮಧ್ಯೆ ಜಾಣಮರಿ: ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ, ಪಕ್ಕದಲ್ಲಿ ಅದರ ಪರದೆ. ಅಕ್ಕ ಹೇಳಿಕೆಯ ಹಾಳೆಯನ್ನು ಎದುರಿಗಿಟ್ಟುಕೊಂಡು, ಧ್ವನಿಯ ಜೊತೆ ಸಾಲು ಸಾಲಿಗೂ ಬೆರಳಿಟ್ಟು ಕೇಳುತ್ತಾ ಹೋದಳು.

ತಮ್ಮನ ದನಿ ಬಂತು. ಹುಷಾರಾಗಿ, ಒಂದೊಂದೇ ಮಾತು ಆರಿಸಿ ಉತ್ತರ ಕೊಡುತ್ತಿದ್ದ. ಯಂತ್ರ ಬರೆದದ್ದೂ ಸರಿಯಾಗೇ ಇತ್ತು. ಅಲ್ಲೊಂದು ಇಲ್ಲೊಂದು ‘ಸಾರ್’ ಬಿಟ್ಟಿತ್ತು, ಅಷ್ಟೆ. ಇಂಥ ಯಂತ್ರದ ಅಪಾಯ ಇರುವುದೇ ಅಲ್ಲಿ ಅನ್ನಿಸಿತು ಅವಳಿಗೆ. ಹತ್ತು ಸಾಲು ಸರಿ ಬರೆದು ನಂಬಿಸುತ್ತದೆ. ಹನ್ನೊಂದನೇ ಸಾಲು ಓದುವ ಹೊತ್ತಿಗೆ ನಾವು ತೂಕಡಿಸುತ್ತಿರುತ್ತೇವೆ.

ಬೆರಳು ಕೊನೆಗೆ ಬಂತು.

‘ಒಳಗಿನ ಹಿಡಿ ಬಿಚ್ಚಿದ್ದು ಯಾರು?’ ಇನ್ಸ್‌ಪೆಕ್ಟರನ ದನಿ.

‘ಹೇಳ್ತೀನಿ ಸಾರ್. ಅದು...’

ಅಷ್ಟೇ. ಆಮೇಲೆ ಮಾತಿಲ್ಲ. ಫ್ಯಾನಿನ ಗರಗರ ಸದ್ದು. ಯಾರದೋ ಉಸಿರು. ಕುರ್ಚಿ ಕಿರುಗುಟ್ಟಿದ್ದು. ಕೊನೆಗೆ ಇನ್ಸ್‌ಪೆಕ್ಟರ್, ‘ಸರಿ, ಸಾಕು ಬಿಡು.’ ಅಲ್ಲಿಗೆ ಧ್ವನಿ ಮುಗಿಯಿತು.

ಅಕ್ಕ ಎದ್ದು ನಿಂತಳು.

“ಎಲ್ಲಿ? ‘ನಾನೇ ಬಿಚ್ಚಿಟ್ಟೆ’ ಅನ್ನೋದೆಲ್ಲಿ? ‘ನನಗೆ ತಿಳಿದಿತ್ತು’ ಎಲ್ಲಿ?”

ರೈಟರ್ ಪೆಟ್ಟಿಗೆಯನ್ನು ಮೊದಲ ಸಲ ಅನುಮಾನದಿಂದ ನೋಡಿದ. “ಇಲ್ಲ ಮೇಡಂ... ಇಲ್ಲವೇ ಇಲ್ಲ.”

“ಮನುಷ್ಯ ಸುಮ್ಮನಿದ್ದಾನೆ. ನಿಮ್ಮ ಜಾಣಮರಿಗೆ ಸುಮ್ಮನಿರೋದು ಹೇಗೆ ಬರೆಯೋದು ಅಂತ ಗೊತ್ತಿಲ್ಲ. ಪ್ರಶ್ನೆ ಬಂದಿದೆ, ಉತ್ತರ ಬರ್ಲೇಬೇಕು ಅಂತ ತಾನೇ ಒಂದು ಉತ್ತರ ಹೊಸೆದಿದೆ. ಖಾಲಿ ಜಾಗಕ್ಕೆ ಕೊಲೆ ತುಂಬಿದೆ! ಅದಕ್ಕೆ ನೀವು ಸೀಲು, ಇವನು ಸಹಿ!”

“ಮೌನಂ ಸಮ್ಮತಿ ಲಕ್ಷಣಂ ಅಂತಾರೆ...” ಎಂದು ಇನ್ಸ್‌ಪೆಕ್ಟರ್ ಮೆಲ್ಲಗೆ ಶುರು ಮಾಡಿದ.

“ಹಲ್ಲುದುರಿಸಿಬಿಟ್ಟೇನು!”

ಅವನು ಎರಡೂ ಕೈ ಎತ್ತಿದ. “ತಪ್ಪಾಯ್ತು ಮೇಡಂ. ನಿಜವಾಗ್ಲೂ ತಪ್ಪಾಯ್ತು. ಆ ಎರಡು ವಾಕ್ಯ ತೆಗೆಸ್ತೀನಿ. ಅವನ ಹೇಳಿಕೇನ ಹೊಸದಾಗಿ ತಗೊಳ್ಳೋಣ, ನಿಮ್ಮ ಎದುರಿಗೇ. ನಾಳೆ ನಿಮ್ಮ ತಮ್ಮ ನಿಮ್ಮ ಜೊತೆ ಮನೆಗೆ.”

ಗೆದ್ದಿದ್ದಳು. ಮನೆಯಲ್ಲಿ ಒಲೆ ಹಚ್ಚದೆ ಕೂತಿದ್ದ ತಮ್ಮನ ಹೆಂಡತಿಗೆ ಫೋನ್ ಮಾಡಿ ಹೇಳಬಹುದಿತ್ತು. ಅಕ್ಕ ಫೋನಿಗೆ ಕೈಹಾಕಿ, ಯಾಕೋ ತಡೆದಳು.

“ಕೊನೇದು ಇನ್ನೊಂದು ಸಲ ಹಾಕು.”

“ಅಲ್ಲೇನಿದೆ ಮೇಡಂ? ಬರೀ ಫ್ಯಾನ್ ಸದ್ದು.”

“ಏನೂ ಇಲ್ಲದ್ದನ್ನೂ ಒಂದು ಸಲ ಸರಿಯಾಗಿ ಕೇಳಬೇಕು. ಹಾಕು.”

‘ಹೇಳ್ತೀನಿ ಸಾರ್. ಅದು...’

ಫ್ಯಾನಿನ ಗರಗರ. ಅದರ ಕೆಳಗೆ ಹೂತುಹೋದ ಹಾಗೆ ಒಂದು ಸದ್ದು. ದಪ್ಪಗೆ ಒಂದು. ಹಿಂದೆಯೇ ಸಣ್ಣಗೆ ಇನ್ನೊಂದು.

ಟಕ್. ಟಿಕ್.

ಅಕ್ಕನ ಬೆರಳು ಚೀಲದೊಳಗಿನ ಹಿಡಿಯ ಮೇಲೆ ಹಾಗೇ ನಿಂತಿತು.

ಇಡೀ ಲೋಕದಲ್ಲಿ ಹಾಗೆ ಸದ್ದು ಮಾಡುವ ಹಿಡಿ ಇದ್ದದ್ದು ಎರಡು. ಒಂದು ಅವಳ ಚೀಲದಲ್ಲಿತ್ತು. ಯಾರಿಗೂ ಸಿಕ್ಕಿಲ್ಲವೆಂದು ಇವರು ಬರೆದಿಟ್ಟ ಇನ್ನೊಂದು, ಆ ವಿಚಾರಣೆಯ ಹೊತ್ತಿಗೆ ಇದೇ ಕೋಣೆಯಲ್ಲಿ ಯಾರದೋ ಕೈಯಲ್ಲಿತ್ತು. ತಮ್ಮ ಸುಮ್ಮನಾದದ್ದು ಉತ್ತರ ಗೊತ್ತಿಲ್ಲದೆ ಅಲ್ಲ. ಬಾಯಿ ಬಿಟ್ಟರೆ ನಿನ್ನವರಿಗೂ ಇದೇ ಗತಿ ಎಂಬಂಥ ಆ ಸದ್ದು ಕೇಳಿ ಬಾಯಿ ಮುಚ್ಚಿಕೊಂಡಿದ್ದ.

ಬೆಳಿಗ್ಗೆಯಿಂದ ಅವಳು ಕಿರುಚಾಡಿದ್ದು ಸೋಮಾರಿಗಳ ಮೇಲೆ. ಸೋಮಾರಿಯನ್ನು ಬೈದು ತಿದ್ದಬಹುದು. ಆದರೆ ಇಲ್ಲಿದ್ದವರಲ್ಲಿ ಯಾರೋ ಒಬ್ಬ ಬರೀ ಸೋಮಾರಿಯಲ್ಲ. ಈ ಧ್ವನಿಯನ್ನು ಯಾರೂ ಕೇಳದಿರಲಿ ಎಂದೇ ಬಯಸಿದವನು. ಯಂತ್ರದ ತಪ್ಪು ಅವನಿಗೆ ಬಯಸದೇ ಬಂದ ಭಾಗ್ಯ. ಅವಳ ಕೋಪ ಆರಲಿಲ್ಲ. ಕುದಿಯುವುದನ್ನು ಬಿಟ್ಟು ತಣ್ಣಗೆ ಒಳಗಿಳಿದು ಕೂತಿತು. ಮುಖದಲ್ಲಿ ಅದನ್ನು ತೋರಿಸದೇ ಇರುವುದಕ್ಕೆ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ.

“ಆವತ್ತು ಈ ಕೋಣೇಲಿ ಯಾರ್ಯಾರಿದ್ರಿ?” ಎಂದು ಹಾಳೆ ಮಡಿಸುತ್ತಾ ಸುಮ್ಮನೆ ಕೇಳಿದಳು.

“ನಾನು, ಅವನು. ರೈಟರ್ ಆ ಬಾಗಿಲ ಹತ್ರ ನಿಂತಿದ್ರು,” ಎಂದ ಇನ್ಸ್‌ಪೆಕ್ಟರ್.

“ನಾನಾ? ನಾನೆಲ್ಲಿದ್ದೆ ಸಾರ್?” ರೈಟರ್ ತಟ್ಟನೆ ಅಂದ. “ನಾನು ಕಾಫಿಗೆ ಹೋಗಿದ್ದೆ. ಒಳಗೆ ಕಾಲೇ ಇಟ್ಟಿಲ್ಲ.”

“ಹೌದಾ? ನೋಡಿದ ಹಾಗಿತ್ತು.”

“ಇಲ್ಲ ಸಾರ್.”

ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದ. ಅಕ್ಕ ಇಬ್ಬರ ಮುಖವನ್ನೂ ನೋಡಿದಳು. ಒಂದರ ಮೇಲೆ ಬೆಣ್ಣೆ, ಇನ್ನೊಂದರ ಮೇಲೆ ಬೆವರು. ಎರಡರಿಂದಲೂ ಏನೂ ತಿಳಿಯಲಿಲ್ಲ.

“ಸರಿ, ಅವನನ್ನ ಕರೆಸಿ. ಪ್ರಶ್ನೆ ನಾನು ಕೇಳ್ತೀನಿ. ಪರದೆ ನನ್ನ ಕಡೆ ತಿರುಗಿರಲಿ. ಅದು ಬರೆಯೋದನ್ನ ಬರೆದ ಹಾಗೇ ನೋಡ್ತೀನಿ. ಆಮೇಲೆ ರೀ, ಆ ಸೀಲ್ ಒತ್ತಿದ ಹಾಳೆ ಎಲ್ಲ ಪ್ರಿಂಟರಿಂದ ತೆಗೀರಿ.”

“ತೆಗೀತೀನಿ ಮೇಡಂ,” ಎಂದ ರೈಟರ್.

ತಮ್ಮನನ್ನು ಕರೆತಂದರು. ಎರಡು ದಿನಕ್ಕೆ ಅರ್ಧವಾಗಿದ್ದ. ನಲವತ್ತು ದಾಟಿದ ಗಂಡಸು. ಅಕ್ಕನನ್ನು ಕಂಡದ್ದೇ ಶಾಲೆಯಲ್ಲಿ ಏಟು ತಿಂದು ಬಂದವನಂತೆ ಮುಖ ಮಾಡಿದ. ಅವನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಎಂಥ ಬಿಗಿದ ಬೋಲ್ಟನ್ನೂ ಬಿಚ್ಚುವ ಕೈ ಐಸಿನಷ್ಟು ತಣ್ಣಗಿತ್ತು.

“ಊಟ ಮಾಡಿದ್ಯೇನೋ?”

“ಮಾಡ್ದೆ ಅಕ್ಕ.”

“ಸುಳ್ಳು ಹೇಳ್ಬೇಡ. ನಾಳೆ ಮನೇಲಿ ಮಾಡುವೆಯಂತೆ. ಈಗ ನಾನು ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳು. ಆ ಪೆಟ್ಟಿಗೆ ನಿನ್ನ ಬಾಯಲ್ಲಿ ಇಲ್ಲದ ಮಾತು ಬರೆದಿತ್ತು. ಅದನ್ನ ತೆಗೆಸ್ತಿದ್ದೀನಿ.”

ಅವನ ಕಣ್ಣು ಅಗಲವಾದವು. ಅಂಥ ಮಾತು ತನ್ನ ಹೆಸರಿನಲ್ಲಿ ಅಚ್ಚಾಗಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಅಕ್ಕ ತಮ್ಮ ಮೇಜಿನ ಎದುರುಬದುರು ಕೂತರು. ಇನ್ಸ್‌ಪೆಕ್ಟರ್ ಮತ್ತು ರೈಟರ್ ಅವಳ ಬೆನ್ನ ಹಿಂದೆ, ಪ್ರಿಂಟರ್ ಇದ್ದ ಮೂಲೆಯ ಕಡೆ ನಿಂತರು. ಅವರನ್ನು ತನ್ನ ಕಣ್ಣೆದುರು ನಿಲ್ಲಿಸಿಕೊಳ್ಳಬೇಕಿತ್ತು ಎಂದು ಅವಳಿಗೆ ಹೊಳೆಯುವ ಹೊತ್ತಿಗೆ ಪೆಟ್ಟಿಗೆಯ ಹಸಿರು ದೀಪ ಹತ್ತಿತ್ತು.

“ಪುಟ್ಟ, ಒಂದನೇ ಕೋಣೆ ಒಳಗಿನ ಹಿಡಿ ಬಿಚ್ಚಿದ್ದು ಯಾರು?”

ಪ್ರಶ್ನೆ ಪರದೆಯ ಮೇಲೆ ಮೂಡಿತು. ಅಕ್ಷರ ಅಕ್ಷರವೂ ಸರಿಯಾಗಿತ್ತು.

“ಹೇಳ್ತೀನಿ ಅಕ್ಕ. ಮಾಲೀಕರು ಸಾಯೋ ಹಿಂದಿನ ಸಂಜೆ ನಾನು ಬಾಗಿಲು ನೋಡೋಕೆ ಹೋಗಿದ್ದೆ. ಆಗ ಅದನ್ನ ಬಿಚ್ತಾ ಇದ್ದದ್ದು...”

ಟಕ್. ಟಿಕ್.

ಅವಳ ಹಿಡಿ ಅವಳ ಮುಷ್ಟಿಯಲ್ಲೇ ಇತ್ತು. ಹೆಬ್ಬೆರಳು ಅಲುಗಿರಲಿಲ್ಲ. ಸದ್ದು ಬಂದದ್ದು ಬೆನ್ನ ಹಿಂದಿನಿಂದ.

ತಮ್ಮನ ಬಾಯಿ ಮುಚ್ಚಿತು. ಕಣ್ಣು ಅವಳ ಹೆಗಲಿನಾಚೆ ಎಲ್ಲೋ ನೆಟ್ಟವು.

ಅಕ್ಕ ಗರಕ್ಕನೆ ತಿರುಗಿದಳು. ಇನ್ಸ್‌ಪೆಕ್ಟರ್ ಗೋಡೆಗೆ ಒರಗಿ, ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ರೈಟರ್ ಪ್ರಿಂಟರಿನ ಪಕ್ಕ, ಪ್ಯಾಂಟಿನ ಜೇಬಿನಲ್ಲಿ ಕೈ ತುರುಕಿ ನಿಂತಿದ್ದ. ಏನಾಯ್ತು ಅನ್ನುವ ಹಾಗೆ ಇಬ್ಬರೂ ಅವಳನ್ನೇ ನೋಡಿದರು.

ಫ್ಯಾನ್ ಗರಗರ ತಿರುಗಿತು. ಮತ್ತೆ ಮೇಜಿನ ಕಡೆ ತಿರುಗಿದರೆ ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬರುತ್ತಿದ್ದವು.

‘ನಾನೇ. ಇದರಲ್ಲಿ ಬೇರೆ ಯಾರ ಪಾತ್ರವೂ ಇಲ್ಲ.’

“ಅಳಿಸ್ರೋ ಅದನ್ನ!” ಅಕ್ಕ ಮೇಜಿಗೆ ಗುದ್ದಿದಳು. “ಅವನು ಬಾಯೇ ತೆಗೆದಿಲ್ಲ! ನನ್ನ ಕಣ್ಣೆದುರಿಗೇ ಸುಳ್ಳು ಬರೀತಿದೆ! ಈಗ್ಲೇ ಅಳಿಸಿ!”

“ಅಕ್ಕ.”

ತಮ್ಮ ಪರದೆಯ ಕಡೆ ಬಾಗಿ, ಬರೆದದ್ದನ್ನು ತುಟಿಯಾಡಿಸುತ್ತಾ ಓದಿದ. ಒಂದು ಸಲ ಅವಳ ಹೆಗಲಿನಾಚೆ ನೋಡಿದ, ಒಂದು ಸಲ ಅವಳ ಮುಖ ನೋಡಿದ. ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

“ಅಳಿಸ್ಬೇಡ ಅಕ್ಕ. ಅದು ಸರಿಯಾಗೇ ಬರೆದಿದೆ.”

ಹಿಂದಿನ ಮೂಲೆಯಲ್ಲಿ ಪ್ರಿಂಟರ್ ಎಚ್ಚೆತ್ತು ಗುರ್ರೆಂದು ಒಂದು ಹಾಳೆಯನ್ನು ಒಳಗೆ ಎಳೆದುಕೊಂಡಿತು. ಆ ಖಾಲಿ ಹಾಳೆಯ ಬುಡದಲ್ಲಿ ನೇರಳೆ ಸೀಲು ಮೊದಲೇ ಬಿದ್ದಿತ್ತು.